ಪ್ಯಾಕೆಟ್ಟಿನ ಹಿಂಭಾಗ

1/8

ಫೋಟೋದಲ್ಲಿ ಎರಡು ಪ್ಯಾಕೆಟ್ ಇದೆ. ಎರಡೂ ಒಂದೇ ಕಂಪನಿಯ ಸ್ಯಾನಿಟರಿ ಪ್ಯಾಡ್. ಎಡಗಡೆಯದ್ದು ನಮ್ಮ ಹನುಮಂತನಗರದ 50 ಅಡಿ ರಸ್ತೆಯ ಮೆಡಿಕಲ್ ಶಾಪಿನಲ್ಲಿ ತಗೊಂಡಿದ್ದು. ಬಲಗಡೆಯದ್ದು ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ಚಿಕ್ಕಪ್ಪನ ಮಗಳು ರಜೆಗೆ ಬಂದಾಗ ತಂದು, ಅರ್ಧ ಉಳಿಸಿ ಹೋದದ್ದು. ಹೆಸರಿನ ಮೇಲೆ ಸ್ಟಿಕರ್ ಅಂಟಿಸಿದ್ದೀನಿ. ಒಂದು ಕಂಪನಿಯನ್ನ ಬೈಯೋಕೆ ಈ ಸರಣಿ ಬರೀತಿಲ್ಲ. ಆ ಅಂಗಡಿಯ ಶೆಲ್ಫಿನಲ್ಲಿದ್ದ ಉಳಿದ ಪ್ಯಾಕೆಟ್‌ಗಳನ್ನೂ ತಿರುಗಿಸಿ ನೋಡಿದೆ, ಕಥೆ ಹೆಚ್ಚುಕಮ್ಮಿ ಇದೇ.

ಸ್ವೈಪ್ ಮಾಡಿ, ಎರಡರದ್ದೂ ಹಿಂಭಾಗ ನೋಡಿ.

ಅಲ್ಲಿಯ ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇದೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಮರದ ತಿರುಳು, ಸೋಡಿಯಂ ಪಾಲಿಅಕ್ರಿಲೇಟ್, ಅಂಟು, ಬಣ್ಣ, ಹೀಗೆ. ಇಲ್ಲಿಯ ಪ್ಯಾಕೆಟ್ ಮೇಲೆ ಎಂಆರ್‌ಪಿ, ಒಳಗೆ ಎಷ್ಟು ಪ್ಯಾಡ್ ಇದೆ, ತಯಾರಾದ ತಿಂಗಳು, ಕಂಪನಿ ವಿಳಾಸ, ಕಸ್ಟಮರ್ ಕೇರ್ ನಂಬರ್. ಅದರ ಪಕ್ಕ ಒಂದು ಹೂವು, ಒಂದು ಎಲೆ, ಒಂದು ನೀಲಿ ಹನಿ.

ಕಂಪನಿಗೆ ತನ್ನ ಪ್ಯಾಡಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಇಲ್ಲ. ಬರೆಯೋಕೆ ಜಾಗ ಇಲ್ಲದೆ ಇಲ್ಲ, ಹೂವಿಗೆ ಜಾಗ ಇತ್ತಲ್ಲ! ಅಲ್ಲಿ ಕಾನೂನು ಕೇಳಿತು, ಬರೆದರು. ಇಲ್ಲಿ ಯಾರೂ ಕೇಳಿಲ್ಲ.

2/8

ಇದು ನನ್ನ ತಲೆಗೆ ಹತ್ತಿದ್ದು ತಂಗಿ ಮಗಳಿಂದ. ಒಂಬತ್ತನೇ ಕ್ಲಾಸು. ಅವಳನ್ನ ಕೇಳಿಯೇ ಬರೀತಿದ್ದೀನಿ. "ಹೆಸರು ಬೇಡ ದೊಡ್ಡಮ್ಮ, ಮಿಕ್ಕಿದ್ದು ಏನು ಬೇಕಾದ್ರೂ ಬರಿ" ಅಂದಳು.

ಸತತ ಮೂರು ತಿಂಗಳು, ಮುಟ್ಟಾದ ಎರಡನೇ ದಿನಕ್ಕೆ ತೊಡೆಸಂದಿಯೆಲ್ಲ ಕೆಂಪಗೆ ದದ್ದು. ಕೂರೋಕಾಗಲ್ಲ, ನಡೆಯೋಕಾಗಲ್ಲ. ಸ್ಕೂಲಲ್ಲಿ ಪಿಟಿ ಪೀರಿಯಡ್‌ಗೆ ಸುಳ್ಳು ಹೇಳಿ ಕೂತಿದ್ದಾಳೆ. ಮನೆಯಲ್ಲಿ ಮೊದಲು ಹೇಳಿದ್ದು ಅಜ್ಜಿಗೆ, ಅಂದ್ರೆ ನಮ್ಮಮ್ಮನಿಗೆ. ಅಮ್ಮ "ಉಷ್ಣ ಕಣೆ" ಅಂತ ಮೆಂತ್ಯ ನೆನೆಸಿದ ನೀರು ಕೊಟ್ಟರು. ಎರಡನೇ ತಿಂಗಳು ಕೊಬ್ಬರಿಎಣ್ಣೆ. ಮೂರನೇ ತಿಂಗಳು ನಾನು ಚರ್ಮದ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ.

ಡಾಕ್ಟರು ಒಳ್ಳೆಯವರು, ಗಾಬರಿ ಮಾಡಲಿಲ್ಲ. ಸುಗಂಧದ್ದೋ, ಅಂಟಿನದ್ದೋ, ಪ್ಲಾಸ್ಟಿಕ್ ಹೊದಿಕೆ ಕೆಳಗೆ ಬೆವರು ಕಟ್ಟಿಕೊಂಡು ಆಗಿದ್ದೋ, ಮೂರಲ್ಲಿ ಯಾವುದು ಬೇಕಾದ್ರೂ ಇರಬಹುದು ಅಂದರು. ಆಮೇಲೆ ಕೇಳಿದರು: "ಅದರಲ್ಲಿ ಏನೇನಿದೆ? ಪ್ಯಾಕೆಟ್ ತಂದಿದ್ದೀರಾ?"

ತಂದಿದ್ದೆ. ತಿರುಗಿಸಿ ನೋಡಿದರು. ಮತ್ತೆ ಮುಂದೆ ತಿರುಗಿಸಿದರು. ಏನೂ ಹೇಳದೆ ವಾಪಸ್ ಕೊಟ್ಟರು.

ಮನೆಗೆ ಬಂದು ಆ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ಪಾಪ, ಆ ಹುಡುಗಿಯದ್ದೇನೂ ತಪ್ಪಿಲ್ಲ, ಅವಳ ಮುಂದಿದ್ದ ಹಾಳೆಯಲ್ಲಿ ಇದ್ದದ್ದನ್ನ ಓದಿದಳು. "ನಮ್ಮ ಪ್ರಾಡಕ್ಟ್ ಡರ್ಮಟಾಲಜಿಕಲಿ ಟೆಸ್ಟೆಡ್ ಮೇಡಂ." ಸರಿ, ಯಾವ ಸುಗಂಧ ಹಾಕಿದ್ದೀರಿ? "ಅದು ಕಂಪನಿಯ ಗೌಪ್ಯ ಮಾಹಿತಿ ಮೇಡಂ." ನನ್ನ ತಂಗಿ ಮಗಳ ತೊಡೆಗೆ ಗೊತ್ತಾಗಿರೋದು ನನಗೆ ಗೌಪ್ಯ!

ವಾಸನೆ ಇಲ್ಲದ ಬೇರೆ ಪ್ಯಾಡ್ ತಂದೆವು, ದದ್ದು ನಿಂತಿತು. ಎಲ್ಲರೂ "ಸದ್ಯ ಹೋಯ್ತಲ್ಲ, ಬಿಡು" ಅಂತಾರೆ. ಆದರೆ ಅವಳ ಮೈಗೆ ಆಗದೇ ಇದ್ದದ್ದು ಯಾವುದು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅದೇ ವಸ್ತು ನಾಳೆ ಒಂದು ಕ್ರೀಮಿನಲ್ಲೋ ಶಾಂಪೂವಿನಲ್ಲೋ ಇರುತ್ತೆ. ಹೆಸರು ಗೊತ್ತಿದ್ದಿದ್ರೆ ಜೀವನಪೂರ್ತಿ ತಪ್ಪಿಸಿಕೊಳ್ತಿದ್ದಳು.

3/8

ಆ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಒಂದನ್ನ ಬಿಚ್ಚಿ ನೋಡಿದೆ. ಈ ಫೋಟೋ ಅದೇ. ಅಡುಗೆಮನೆ ಕಟ್ಟೆ ಮೇಲೆ ಪೇಪರ್ ಹಾಸಿ ಕತ್ತರಿ ತಗೊಂಡೆ. "ಅಡುಗೆಮನೇಲಿ ಬೇಡ ಕಣೆ" ಅಂದರು ಅಮ್ಮ. ಹೊಸದು ಅಮ್ಮಾ, ಅಂಗಡಿಯಿಂದ ಬಂದಹಾಗೇ ಇದೆ ಅಂದೆ. "ಆದ್ರೂ" ಅಂದರು. ಹಾಲಿಗೆ ಎತ್ಕೊಂಡು ಬಂದೆ.

ಮೇಲಿನ ಪದರ ನೋಡೋಕೆ ಬಟ್ಟೆ, ಎಳೆದರೆ ಬಟ್ಟೆಯ ಹಾಗೆ ಎಳೆ ಬಿಡಲ್ಲ. ಪ್ಲಾಸ್ಟಿಕ್ಕನ್ನ ಕರಗಿಸಿ ಜೇಡರಬಲೆಯ ಹಾಗೆ ಎಳೆದು ಒತ್ತಿದ ಹಾಳೆ ಅದು. ಕೆಳಗೆ ಬಿಳಿ ಹತ್ತಿಯ ಹಾಗೆ ಕಾಣೋದು ಬಹಳಷ್ಟು ಸಲ ಹತ್ತಿಯೇ ಅಲ್ಲ, ಬ್ಲೀಚ್ ಮಾಡಿದ ಮರದ ತಿರುಳು. ಅದರ ಮಧ್ಯೆ ಸಕ್ಕರೆ ಹರಳಿನಂಥ ಪುಡಿ. ಅದು ಸೋಡಿಯಂ ಪಾಲಿಅಕ್ರಿಲೇಟ್, ಮಕ್ಕಳ ಡಯಾಪರ್‌ನಲ್ಲೂ ಇರುತ್ತೆ. ಒಂದು ಲೋಟ ನೀರು ಹಾಕಿದೆ, ಎರಡು ನಿಮಿಷಕ್ಕೆ ಜೆಲ್ಲಿ ಆಯ್ತು. ಕೊನೇ ಸ್ಲೈಡಿನ ವಿಡಿಯೋ ನೋಡಿ, ತಂಗಿ ಮಗಳ "ಅಯ್ಯೋ ಸಬ್ಬಕ್ಕಿ ಪಾಯಸ" ಅನ್ನೋದು ಕೇಳಿಸುತ್ತೆ. ಅದರ ಕೆಳಗೆ ಮತ್ತೆ ಪ್ಲಾಸ್ಟಿಕ್ ಹಾಳೆ. ಎಲ್ಲವನ್ನೂ ಹಿಡಿದಿಟ್ಟಿರೋದು ಬಿಸಿ ಮಾಡಿ ಹಚ್ಚಿದ ಅಂಟು. ಅಂಟಿನ ಮೇಲೆ ಸಿಲಿಕೋನ್ ಸವರಿದ ಕಾಗದ.

ಇಷ್ಟು ನನಗೆ ಕಣ್ಣಿಗೆ ಕಂಡಿದ್ದು, ಓದಿ ತಿಳಿದದ್ದು. ಸುಗಂಧ ಏನು, ಬಣ್ಣ ಏನು, ಬ್ಲೀಚ್ ಮಾಡಿದ್ದು ಯಾವುದರಿಂದ ಅನ್ನೋದು ಕತ್ತರಿಗೆ ಸಿಗಲ್ಲ.

ಲೆಕ್ಕ ಹಾಕಿ. ದಿನಕ್ಕೆ 4, ತಿಂಗಳಿಗೆ 5 ದಿನ, ವರ್ಷಕ್ಕೆ 240. ಮೂವತ್ತೈದು ವರ್ಷಕ್ಕೆ 8,400. ಒಂದೊಂದೂ ಐದಾರು ಗಂಟೆ, ಮೈಯಲ್ಲೇ ಅತಿ ಸೂಕ್ಷ್ಮವಾದ ಚರ್ಮಕ್ಕೆ ತಾಗಿಕೊಂಡು.

4/8

ಈಗ ನಮ್ಮ ಏರಿಯಾದ ಒಂದು ಅಭ್ಯಾಸ ನೆನಪಿಸ್ತೀನಿ. ಗಾಂಧಿ ಬಜಾರಿನಲ್ಲಿ ಹೊಸ ಬಿಸ್ಕತ್ತು ಕಂಡರೆ ನಮ್ಮಮ್ಮ ಏನು ಮಾಡ್ತಾರೆ? ಬೆಲೆ ಕೇಳೋ ಮುಂಚೆ ಪ್ಯಾಕೆಟ್ ತಿರುಗಿಸ್ತಾರೆ. ಹಸಿರು ಚುಕ್ಕೆ ಇದೆಯಾ? ಮೊಟ್ಟೆ ಇದೆಯಾ? ಜೆಲಟಿನ್ ಇದೆಯಾ? ಕನ್ನಡಕ ಮರೆತಿದ್ರೆ ಅಂಗಡಿಯವನ ಕೈಲಿ ಓದಿಸ್ತಾರೆ. ಹನುಮಂತನಗರ, ಶ್ರೀನಗರ, ಗವಿಪುರದ ಅರ್ಧಕ್ಕರ್ಧ ಮನೆಯಲ್ಲಿ ಇದೇ ಪದ್ಧತಿ. ಲೇಬಲ್ ಓದೋದ್ಯಾರು ಅಂತ ಕೇಳೋರಿಗೆ ನಮ್ಮಮ್ಮನ್ನ ಕಳಿಸಿಕೊಡ್ತೀನಿ.

ಹೊಟ್ಟೆಗೆ ಹೋಗೋದಕ್ಕೆ ಪಟ್ಟಿ ಕಡ್ಡಾಯ. ಸ್ನಾನದ ಸೋಪು, ಮೈಗೆ ಹಚ್ಚಿ ಎರಡು ನಿಮಿಷಕ್ಕೆ ತೊಳೆದು ಹೋಗುತ್ತೆ, ಅದರ ಮೇಲೂ ಒಳಗೆ ಏನೇನಿದೆ ಅಂತ ಬರೆದಿರಬೇಕು. ಕಾಸ್ಮೆಟಿಕ್ಸ್ ನಿಯಮ ಹಾಗೆ ಹೇಳುತ್ತೆ. ಬಚ್ಚಲಿಗೆ ಹೋಗಿ ಮೈಸೂರು ಸ್ಯಾಂಡಲ್ ಡಬ್ಬಿ ತಿರುಗಿಸಿ ನೋಡಿ. ಮಗು ಬಾಯಿಗೆ ಹಾಕ್ಕೊಳ್ಳೋ ಪ್ಲಾಸ್ಟಿಕ್ ಗೊಂಬೆಯಲ್ಲಿ ಥಾಲೇಟ್ ಅನ್ನೋ ರಾಸಾಯನಿಕ ಎಷ್ಟಿರಬಹುದು ಅಂತ ಭಾರತೀಯ ಮಾನದಂಡದಲ್ಲೇ ಮಿತಿ ಇದೆ, 2020ರ ಆಟಿಕೆ ಆದೇಶ ಅದನ್ನ ಕಡ್ಡಾಯ ಮಾಡಿತು. ಪ್ಯಾಡಿಗೆ ಮಾತ್ರ, ಸೋಪಿಗಿರೋ ಹಾಗೆ ಪ್ರತಿಯೊಂದನ್ನೂ ಹೆಸರಿಟ್ಟು ಬರೀರಿ ಅನ್ನೋ ಕಾನೂನಿಲ್ಲ. ಎಂಆರ್‌ಪಿ, ಸಂಖ್ಯೆ, ವಿಳಾಸ ಇರೋದು ಕೂಡ ಪ್ಯಾಡ್ ಅನ್ನೋ ಕಾರಣಕ್ಕಲ್ಲ. 2011ರ ಪೊಟ್ಟಣ ನಿಯಮ ಉಪ್ಪಿನ ಪ್ಯಾಕೆಟ್ಟಿಗೂ ಅದನ್ನೇ ಕೇಳುತ್ತೆ.

ನಮ್ಮಲ್ಲಿ ಪ್ಯಾಡಿಗೆ ಮಾನದಂಡವೇ ಇಲ್ಲ ಅಂತಲ್ಲ. ಐಎಸ್ 5405, ವರ್ಷ 1980. ಅದರಲ್ಲಿ ಏನು ಕೇಳಿದ್ದಾರೆ ಗೊತ್ತಾ? ಬಣ್ಣದ ನೀರನ್ನೋ, ಕುರಿ ಅಥವಾ ಮೇಕೆಯ ರಕ್ತವನ್ನೋ ನಿಮಿಷಕ್ಕೆ 15 ಮಿ.ಲೀ.ನಂತೆ 30 ಮಿ.ಲೀ. ಸುರಿದರೆ ಪ್ಯಾಡ್ ಹೀರಿಕೊಳ್ಳಬೇಕು, ಕೆಳಗಾಗಲಿ ಪಕ್ಕದಲ್ಲಾಗಲಿ ಸೋರಬಾರದು. ಟಿವಿ ಜಾಹೀರಾತಿನ ನೀಲಿ ನೀರಿನ ಚಿಂತೆಯೂ ಇದೇ. ಸೀರೆಗೆ ಕಲೆ ಆಗಬಾರದು, ಲಂಗಕ್ಕೆ ಕಲೆ ಆಗಬಾರದು, ಬೇರೆಯವರ ಕಣ್ಣಿಗೆ ಬೀಳಬಾರದು. ಹೀರಿಕೊಂಡ ಮೇಲೆ ಆರು ಗಂಟೆ ಅದರ ಮೇಲೆ ಕೂತಿರೋಳ ಕಥೆ ಏನು ಅನ್ನೋದು ಆಮೇಲಿನ ಮಾತು.

2019ರಲ್ಲಿ ಆ ಮಾನದಂಡವನ್ನ ಪರಿಷ್ಕರಿಸಿದರು. 2023ರಲ್ಲಿ ಕೇಂದ್ರ ಜವಳಿ ಸಚಿವಾಲಯ ಮೆಡಿಕಲ್ ಟೆಕ್ಸ್‌ಟೈಲ್ಸ್ ಆದೇಶ ಹೊರಡಿಸಿ ಕಡ್ಡಾಯ ಅಂದಿತು, ಜಾರಿಯ ದಿನಾಂಕ ಮುಂದೆ ಮುಂದೆ ಹೋಯ್ತು. ಅಂದ್ರೆ ನಾನು ಹುಟ್ಟಿ, ದೊಡ್ಡವಳಾಗಿ, ನಲವತ್ತು ದಾಟೋವರೆಗೂ ಅದು ಪಾಲಿಸಿದರೆ ಪಾಲಿಸಿ ಅನ್ನೋ ಮಾನದಂಡ.

5/8

ಬೇರೆ ದೇಶದಲ್ಲಿ ಇದು ತಾನಾಗಿ ಆಯ್ತಾ? ಎಲ್ಲೂ ಆಗಲಿಲ್ಲ.

1980ರಲ್ಲಿ ಅಮೆರಿಕದಲ್ಲಿ ತುಂಬ ಹೀರುವ ಒಂದು ಟ್ಯಾಂಪನ್ ಅನ್ನ ಮಾರುಕಟ್ಟೆಯಿಂದ ವಾಪಸ್ ಪಡೆದರು. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನೋ ಸೋಂಕಿನ ಕಾಯಿಲೆಯಿಂದ ಹೆಂಗಸರು ಸತ್ತಿದ್ದರು. ಅದಾದ ಮೇಲೂ, ಎಷ್ಟು ಹೀರುತ್ತೆ ಅನ್ನೋದನ್ನ ಡಬ್ಬಿ ಮೇಲೆ ಒಂದೇ ಅಳತೆಯಲ್ಲಿ ಬರೀಬೇಕು ಅನ್ನೋ ನಿಯಮ ಜಾರಿಗೆ ಬರೋಕೆ 1990 ಆಯ್ತು. ಕ್ಯಾರೊಲಿನ್ ಮಲೋನಿ ಅನ್ನೋ ಸಂಸದೆ ಇವುಗಳ ಸುರಕ್ಷತೆಯ ಸಂಶೋಧನೆಗೆ 1997ರಲ್ಲಿ ಮಸೂದೆ ತಂದರು. 1998ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡ ರಾಬಿನ್ ಡೇನಿಯಲ್‌ಸನ್ ಹೆಸರನ್ನ ಆಮೇಲೆ ಅದಕ್ಕಿಟ್ಟರು. ಮತ್ತೆ ಮತ್ತೆ ಮಂಡಿಸಿದರು, ಪಾಸಾಗಲೇ ಇಲ್ಲ.

ಕೇಂದ್ರದಲ್ಲಿ ಆಗದ್ದು ರಾಜ್ಯಗಳಲ್ಲಿ ಆಯ್ತು. ಒಳಗಿರೋದನ್ನೆಲ್ಲ ಪ್ಯಾಕೆಟ್ ಮೇಲೆ ಬರೀಬೇಕು ಅಂತ ಮೊದಲು ಕಾನೂನು ಮಾಡಿದ್ದು ನ್ಯೂಯಾರ್ಕ್, 2019ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾ, 2023ರ ಜನವರಿ 1ರಿಂದ ತಯಾರಾಗೋ ಪ್ಯಾಕೆಟ್‌ಗಳಿಗೆ ಅದು ಅನ್ವಯ. ನನ್ನ ಚಿಕ್ಕಪ್ಪನ ಮಗಳ ಪ್ಯಾಕೆಟ್ ಮೇಲಿನ ಪಟ್ಟಿ ಅಲ್ಲಿಂದ ಬಂದದ್ದು. ಈ ರಾಜ್ಯಗಳ ವಿಷಯ ನೆನಪಿಟ್ಟುಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ನನಗೆ ಹೆಚ್ಚು ಹಿಡಿಸಿದ್ದು ದಕ್ಷಿಣ ಕೊರಿಯಾ. 2017ರಲ್ಲಿ ಅಲ್ಲಿಯ ಹೆಂಗಸರು ಒಂದು ಬ್ರ್ಯಾಂಡಿನ ಪ್ಯಾಡ್ ಬಳಸಿದ ಮೇಲೆ ಮುಟ್ಟು ಏರುಪೇರಾಯ್ತು, ಸ್ರಾವ ಕಮ್ಮಿ ಆಯ್ತು ಅಂತ ಆನ್‌ಲೈನ್‌ನಲ್ಲಿ ಬರೀತಾ ಹೋದರು. ಒಬ್ಬಳು, ಹತ್ತು ಜನ, ಸಾವಿರಾರು ಜನ. ಸರ್ಕಾರ ಪರೀಕ್ಷೆ ಮಾಡಿಸಿತು. ಪ್ಯಾಡ್‌ಗಳಲ್ಲಿ ಸಿಕ್ಕ ರಾಸಾಯನಿಕ ಹಾನಿ ಮಾಡುವಷ್ಟಿಲ್ಲ ಅಂತ ಹೇಳಿತು. ಅಲ್ಲಿಗೆ ಫೈಲ್ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಕಾನೂನು ತಿದ್ದಿ, 2018ರ ಅಕ್ಟೋಬರ್‌ನಿಂದ ಪ್ಯಾಡಿನಲ್ಲಿರೋ ಎಲ್ಲವನ್ನೂ ಪ್ಯಾಕೆಟ್ ಮೇಲೆ ಬರೀಬೇಕು ಅಂದರು. ಸುರಕ್ಷಿತವಾಗಿದ್ದರೆ ಬರೆಯೋಕೆ ಭಯ ಏನು?

6/8

"ಸುಮ್ಮನೆ ಹೆದರಿಸ್ತಿದ್ದೀರಾ" ಅಂತ ಡಿಎಂ ಬರೋದು ಗೊತ್ತು, ಅದಕ್ಕೆ ಇಲ್ಲೇ ಹೇಳಿಬಿಡ್ತೀನಿ.

ಪ್ಯಾಡ್ ವಿಷ ಅಂತ ನಾನು ಹೇಳಿಲ್ಲ. ಪ್ಯಾಡ್ ಬಿಡಿ ಅಂತಲೂ ಹೇಳಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 64ರಷ್ಟು ಜನ ಪ್ಯಾಡ್ ಬಳಸ್ತಾರೆ. ಅವರಲ್ಲಿ ಎಷ್ಟೋ ಜನಕ್ಕೆ ಸ್ಕೂಲಿಗೆ ಹೋಗೋಕೆ ಸಾಧ್ಯ ಆಗಿದ್ದೇ ಅದರಿಂದ. ನಮ್ಮಜ್ಜಿ ಹಳೇ ಸೀರೆ ಹರಿದು ಬಳಸ್ತಿದ್ದರು. ಅದು ಏನು ಅಂತ ಅಜ್ಜಿಗೆ ಗೊತ್ತಿತ್ತು, ತಾನೇ ಉಟ್ಟ ಸೀರೆಯಲ್ವಾ. ಆದರೆ ಅದನ್ನ ಬಿಸಿಲಿಗೆ ಹಾಕೋ ಹಾಗಿರಲಿಲ್ಲ, ಬಚ್ಚಲ ಮೂಲೆಯಲ್ಲಿ ಬೇರೆ ಬಟ್ಟೆ ಕೆಳಗೆ ಒಣಗಿಸಬೇಕಿತ್ತು. ಆ ಕಾಲ ಚೆನ್ನಾಗಿತ್ತು ಅಂತ ಹಾಡು ಹೇಳೋಕೆ ನಾನು ತಯಾರಿಲ್ಲ.

2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಇಲ್ಲಿ ಮಾರೋ 10 ಪ್ಯಾಡ್ ಪರೀಕ್ಷೆ ಮಾಡಿಸಿತು. ಹತ್ತರಲ್ಲೂ ಥಾಲೇಟ್ ಸಿಕ್ಕಿತು, ಗಾಳಿಗೆ ಆವಿಯಾಗೋ ರಾಸಾಯನಿಕಗಳೂ ಸಿಕ್ಕವು. "ಆರ್ಗ್ಯಾನಿಕ್" ಅಂತ ಹಸಿರು ಎಲೆ ಹಾಕ್ಕೊಂಡು ದುಬಾರಿಗೆ ಮಾರೋ ಪ್ಯಾಡ್‌ಗಳೂ ಆ ಹತ್ತರಲ್ಲಿ ಇದ್ದವು. ಹತ್ತೇ ಸ್ಯಾಂಪಲ್ಲು, ಅದರಿಂದ ಇಡೀ ದೇಶದ ಪ್ಯಾಡಿಗೆ ತೀರ್ಪು ಕೊಡೋಕಾಗಲ್ಲ. ಸಿಕ್ಕಿದೆ ಅಂದ ಮಾತ್ರಕ್ಕೆ ಕಾಯಿಲೆ ಬರುತ್ತೆ ಅಂತಲೂ ಅಲ್ಲ. ಆದರೆ ಅದನ್ನ ಹುಡುಕೋಕೆ ಒಂದು ಸ್ವಯಂಸೇವಾ ಸಂಸ್ಥೆ ಲ್ಯಾಬಿಗೆ ದುಡ್ಡು ಕಟ್ಟಬೇಕಾಯ್ತಲ್ಲ, ಅದು ನನ್ನ ತಕರಾರು.

ಪ್ರಾಮಾಣಿಕವಾಗಿ ಇನ್ನೊಂದು ಮಾತು. ಲೇಬಲ್ ಎಲ್ಲವನ್ನೂ ಹೇಳಲ್ಲ. ಕಂಪನಿ ಬೇಕು ಅಂತ ಹಾಕಿದ್ದು ಪಟ್ಟಿಯಲ್ಲಿ ಬರುತ್ತೆ. ಪ್ಲಾಸ್ಟಿಕ್ ಜೊತೆಗೋ ಅಂಟಿನ ಜೊತೆಗೋ ತಾನಾಗಿ ಸೇರಿಕೊಂಡದ್ದು ಬರಲ್ಲ. ಅದಕ್ಕೆ ಗೊಂಬೆಗಿರೋ ಹಾಗೆ ಮಿತಿ ಬೇಕು, ಪರೀಕ್ಷೆ ಬೇಕು. ಲೇಬಲ್ ಜೊತೆಗೆ ಅದನ್ನೂ ಕೇಳಬೇಕು. ಹಾಗಂತ ಲೇಬಲ್ ಬೇಡ ಅನ್ನೋದು, ಅಡುಗೆಗೆ ಉಪ್ಪು ಸಾಲಲ್ಲ ಅಂತ ಅನ್ನವನ್ನೇ ಚೆಲ್ಲಿದ ಹಾಗೆ.

"ಸುಗಂಧ" ಅನ್ನೋ ಒಂದೇ ಪದ ಬರೆದು ಕೈ ತೊಳ್ಕೊಳ್ಳೋದಕ್ಕೂ ಬಿಡಬಾರದು. ಆ ಒಂದು ಪದದ ಕೆಳಗೆ ಹತ್ತಾರು ವಸ್ತು ಅಡಗಬಹುದು. ಡಾಕ್ಟರಿಗೆ ಬೇಕಾದ್ದು ಆ ಹತ್ತಾರು ಹೆಸರು.

7/8

ಬೆಲೆ ಏರುತ್ತೆ ಅಂತಾರೆ. ಹೇಗಿದ್ರೂ ಪ್ಯಾಕೆಟ್ ಮೇಲೆ ಪ್ರಿಂಟ್ ಆಗ್ತಿದೆ, ಒಂದು ಹೂವು ತೆಗೆದು ನಾಲ್ಕು ಸಾಲು ಹಾಕಿ. ಸ್ವಸಹಾಯ ಸಂಘದವರಿಗೆ ತೊಂದರೆ ಆಗುತ್ತೆ ಅಂತಾರೆ. ಹಳ್ಳಿಯಲ್ಲಿ ಪ್ಯಾಡ್ ಮಾಡೋ ಅಕ್ಕಂದಿರಿಗೆ ತಾವು ಏನು ತಂದು ಏನು ತುಂಬಿದ್ವಿ ಅಂತ ಬೆರಳಲ್ಲಿ ಎಣಿಸಿ ಹೇಳೋಕೆ ಬರುತ್ತೆ. ಪರೀಕ್ಷೆಯ ಖರ್ಚು ಅವರಿಗೆ ನಿಜಕ್ಕೂ ಹೊರೆ, ಅದನ್ನ ಸರ್ಕಾರ ಹೊರಲಿ. ಪಟ್ಟಿ ಬರೆಯೋದು ಹೊರೆ ಅಲ್ಲ. ಕ್ಯೂಆರ್ ಕೋಡ್ ಸಾಕು ಅನ್ನೋರೂ ಇದ್ದಾರೆ. ಹಾಸ್ಟೆಲ್ಲಿನಲ್ಲಿರೋ ಹುಡುಗಿಯ ಹತ್ತಿರ ಫೋನ್ ಎಲ್ಲಿದೆ? ಪ್ಯಾಕೆಟ್ ಮೇಲೇ ಬರಲಿ, ಕನ್ನಡದಲ್ಲೂ ಬರಲಿ.

ಅಂಗಡಿಯಲ್ಲಿ ಪ್ಯಾಡ್ ಕೇಳಿದ ತಕ್ಷಣ ಪೇಪರ್ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡ್ತಾರಲ್ಲ, ಅದಕ್ಕೆ ನಾವು ಎಷ್ಟು ಒಗ್ಗಿದ್ದೀವಿ ಅಂದ್ರೆ, ಕೌಂಟರ್ ಮುಂದೆ ನಿಂತು ಆ ಪ್ಯಾಕೆಟ್ ತಿರುಗಿಸಿ ಓದಿದ ಒಬ್ಬ ಹೆಂಗಸನ್ನೂ ನಾನು ನೋಡಿಲ್ಲ. ನಾನೇ ಓದಿರಲಿಲ್ಲ. ಬಿಸ್ಕತ್ತು ತಿರುಗಿಸೋ ನಮ್ಮಮ್ಮ ನನಗೆ ಪ್ಯಾಡ್ ತರ್ತಿದ್ದ ಅಷ್ಟೂ ವರ್ಷ ಕವರ್ ಬಿಚ್ಚದೇ ಬೀರುವಿಗೆ ಇಡ್ತಿದ್ದರು. ಕಂಪನಿಗಳಿಗೆ ಇದಕ್ಕಿಂತ ಅನುಕೂಲ ಏನಿದೆ ಹೇಳಿ. ನಾಚಿಕೆ ನಮ್ಮದು, ಲಾಭ ಅವರದ್ದು.

ಇನ್ನೊಬ್ಬರನ್ನ ಮರೀತೀವಿ. ಬೆಳಿಗ್ಗೆ ಆಟೋ ಟಿಪ್ಪರ್ ಜೊತೆ ಬರೋ ಪೌರಕಾರ್ಮಿಕ ಅಕ್ಕನ ಕೈಗೆ ಇದು ಹೋಗುತ್ತೆ. ಸುತ್ತಿ ಎಸೆಯೋಕೆ ಪೌಚ್ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ತಯಾರಕರಿಗೆ ಹೇಳಿತ್ತು. ಎಡಗಡೆಯ ಪ್ಯಾಕೆಟ್ಟಿನಲ್ಲಿ ಹುಡುಕಿದೆ, ಇರಲಿಲ್ಲ. ಶಾಲೆ, ಹಾಸ್ಟೆಲ್‌ಗಳಲ್ಲಿ ಪುಟ್ಟ ಯಂತ್ರ ಇಟ್ಟು ಸುಡ್ತಾರೆ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಸುಟ್ಟರೆ ಹೊಗೆಯಲ್ಲಿ ಏನು ಬರುತ್ತೆ ಅಂತ ಯಾರಿಗೆ ಗೊತ್ತಾಗುತ್ತೆ?

8/8

ಈಗ ಆ ರಾಜ್ಯಗಳ ವಿಷಯ.

ದೇಶಕ್ಕೆಲ್ಲ ಕಾನೂನು ದೆಹಲಿಯಲ್ಲಿ ಆಗಬೇಕು, ನಿಜ. ಪ್ಯಾಡಿನ ಮೇಲೆ ಶೇ 12 ಜಿಎಸ್‌ಟಿ ಹಾಕಿದ್ದನ್ನ ತೆಗೆಸೋಕೆ 2017ರ ಜುಲೈಯಿಂದ 2018ರ ಜುಲೈವರೆಗೆ ಕೂಗಬೇಕಾಯ್ತು, ಇದಕ್ಕೂ ಕೂಗೋಣ. ಆದರೆ ಕರ್ನಾಟಕ ಸರ್ಕಾರ ಅದಕ್ಕೆ ಕಾಯಬೇಕಾಗಿಲ್ಲ. ಯಾಕಂದ್ರೆ ಈ ರಾಜ್ಯದಲ್ಲಿ ಪ್ಯಾಡಿನ ದೊಡ್ಡ ಗಿರಾಕಿ ಸರ್ಕಾರವೇ. 2013–14ರಲ್ಲಿ ಶುರುವಾದ ಶುಚಿ ಯೋಜನೆಯಲ್ಲಿ 10ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಸರ್ಕಾರಿ ಶಾಲೆ, ಹಾಸ್ಟೆಲ್‌ಗಳಲ್ಲಿ ಪ್ಯಾಡ್ ಹಂಚ್ತಾರೆ. ಮಧ್ಯೆ ಕೆಲವು ವರ್ಷ ನಿಂತೇ ಹೋಗಿತ್ತು, ಮತ್ತೆ ಶುರುವಾಗಿದೆ. ಅದಕ್ಕೆ ಟೆಂಡರ್ ಕರೀತಾರೆ. ಆ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಒಳಗೆ ಇರೋದನ್ನೆಲ್ಲ, ಸುಗಂಧ ಇದ್ದರೆ ಅದರ ವಸ್ತುಗಳ ಸಮೇತ, ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿರಬೇಕು. ಇದಕ್ಕೆ ವಿಧಾನಸಭೆಯೂ ಬೇಡ, ಸಂಸತ್ತೂ ಬೇಡ. ದುಡ್ಡು ಕೊಡೋರು ಕೇಳಿದರೆ ಸಾಕು.

ನನ್ನ ತಂಗಿ ಮಗಳಿಗೆ ಬ್ರ್ಯಾಂಡ್ ಬದಲಾಯಿಸೋಕಾಯ್ತು. ಹಾಸ್ಟೆಲ್ ಹುಡುಗಿಗೆ ಆ ಆಯ್ಕೆ ಇಲ್ಲ, ಕೊಟ್ಟದ್ದನ್ನ ಹಾಕ್ಕೋಬೇಕು. ಆಯ್ಕೆ ಇಲ್ಲದವಳಿಗೆ ಕೊಡೋ ಪ್ಯಾಡಿನ ಮೇಲಾದರೂ ಮೊದಲು ಬರಲಿ ಅನ್ನೋದು ನನ್ನ ಮಾತು. 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟ ಸಚಿವ ಸಂಪುಟ ಇದು. ಮುಟ್ಟು ಅನ್ನೋ ಪದ ಅಲ್ಲಿ ಯಾರನ್ನೂ ಮುಜುಗರಪಡಿಸಲ್ಲ ಅಂತ ಅಂದ್ಕೊಂಡಿದ್ದೀನಿ.

ಏನು ಮಾಡಬಹುದು? ನಿಮ್ಮ ಮನೆಯಲ್ಲಿರೋ ಪ್ಯಾಕೆಟ್ ಹಿಂಭಾಗದ ಫೋಟೋ ಸ್ಟೋರಿಗೆ ಹಾಕಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ, ಕೊಳ್ಳೋ ವಸ್ತುವಿನ ಗುಣಮಟ್ಟ, ಶುದ್ಧತೆ ತಿಳಿಯೋದು ನಮ್ಮ ಹಕ್ಕು ಅನ್ನುತ್ತೆ, ಆ ಮಾತನ್ನೇ ಹೇಳಿ. ಆರೋಗ್ಯ ಇಲಾಖೆಗೆ ಪತ್ರ ಬರೀರಿ, ಶುಚಿ ಟೆಂಡರ್ ಅಂತ ಹೆಸರಿಟ್ಟೇ ಬರೀರಿ.

ಪತ್ರದ ಮಾದರಿ ಈ ಫೋಟೋದಲ್ಲಿದೆ. ಬರೆದವಳು ತಂಗಿ ಮಗಳು. ಪಾಲಿಪ್ರೊಪಿಲೀನ್‌ಗೆ ಎರಡು ಸಲ ಒತ್ತು ತಪ್ಪಿದ್ದಾಳೆ, ನಾನು ತಿದ್ದಿಲ್ಲ. ನಾಳೆ ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಹೋಗಿ ಸ್ಪೀಡ್ ಪೋಸ್ಟ್ ಮಾಡ್ತೀವಿ, ರಸೀದಿ ಸ್ಟೋರಿಗೆ ಹಾಕ್ತೀನಿ.

#ಪ್ಯಾಕೆಟ್ಟಿನಹಿಂಭಾಗ #ಒಳಗೇನಿದೆ #ಹನುಮಂತನಗರ